ಪಕ್ಕದ ಕುರ್ಚಿಯ ಟವಲು

ಕ್ರಿಸ್‌ಮಸ್‌ನ ಹಿಂದಿನ ದಿನ. ದೀಪ ಹಚ್ಚುವ ಹೊತ್ತು. ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಮುಂದೆ ಅಲ್ಲಲ್ಲಿ ಕಾಗದದ ನಕ್ಷತ್ರಗಳು ಬೆಳಗುತ್ತಿದ್ದವು. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ವನಿತಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಬೀದಿಯ ತಿರುವಿನಲ್ಲಿ ಒಂದು ಆಂಬುಲೆನ್ಸ್ ಕಾಣಿಸಿತು.

ಸೈರನ್ ಇರಲಿಲ್ಲ. ಅವಸರವಿಲ್ಲದೆ ಬರುವ ಆಂಬುಲೆನ್ಸ್ ಏನು ತರುತ್ತದೆ ಎಂಬುದು ಆ ಬೀದಿಗೆ ಗೊತ್ತಿತ್ತು.

ಅದು ಅವಳ ಮನೆಯ ಮುಂದೆಯೇ ನಿಂತಿತು. ಮುಂದಿನ ಸೀಟಿನಿಂದ ಒಬ್ಬ ಅಪರಿಚಿತ ಇಳಿದ. ಅವನ ಕೈಯಲ್ಲಿ ಒಂದು ಜೊತೆ ಹಳೆಯ ಚಪ್ಪಲಿ.

ಅದು ಅಪ್ಪನ ಚಪ್ಪಲಿ ಎಂದು ವನಿತಾ ಗುರುತಿಸಿದಳು. ಮತ್ತೇನನ್ನೂ ಕೇಳಬೇಕಾಗಿರಲಿಲ್ಲ.

"ಪೆರುಮಾಳಣ್ಣನ ಮನೆ ಇದೇ ಅಲ್ವಾ? ನೀವು... ವನಿತಾ?"

ಒಳಗಿನಿಂದ ಅಪ್ಪನ ತಂಗಿ, ಅತ್ತೆ ಮುನಿಗಂಗಮ್ಮ ಓಡಿ ಬಂದಳು. "ಯಾರಪ್ಪಾ ನೀನು? ನಮ್ಮಣ್ಣ ಎಲ್ಲಿ? ಬೆಳಗ್ಗಿಂದ ಮನೇಲಿಲ್ಲ, ಫೋನೂ ಗೂಡಲ್ಲೇ ಬಿಟ್ಟೋಗವ್ನೆ..."

"ಬೆಂಗಳೂರಲ್ಲಿ ಸಂಗೀತ ಕಚೇರಿ ಕೇಳ್ತಾ ಕೇಳ್ತಾನೇ ಓಗ್ಬಿಟ್ರಮ್ಮ. ಮಂಗಳ ಮುಗೀತು, ಎಲ್ಲಾ ಎದ್ರು. ಅವರು ಏಳ್ಲಿಲ್ಲ. ನಿದ್ದೆ ಬಂದೈತೆ ಅಂದ್ಕೊಂಡ್ವಿ."

ಅತ್ತೆಯ ಅಳು ಬೀದಿ ತುಂಬಿತು. ಎದುರು ಮನೆಯವರು ತಮ್ಮ ನಕ್ಷತ್ರದ ದೀಪವನ್ನು ಆರಿಸಿ ಬಂದು ನಿಂತರು. ವನಿತಾ ಮಾತ್ರ ಅಳಲಿಲ್ಲ.

"ಆಚೆ ಕಳಿಸ್ಬೇಡಿ ಅಂತ ಡಾಕ್ಟ್ರು ಹೇಳಿದ್ರು. ಗಣಿ ಧೂಳು ತಿಂದಿರೋ ಎದೆ ಅದು. ಯಾರು ಕರ್ಕೊಂಡೋಗಿದ್ದು?"

ಅವನು ಏನೋ ಹೇಳಲು ಬಾಯಿ ತೆರೆದವನು ಮತ್ತೆ ಮುಚ್ಚಿದ.

"ನಾನು ಜೊತೇಲಿದ್ದೆ," ಎಂದ.

ಅಷ್ಟು ಸಾಕಾಯಿತು ಅವಳಿಗೆ. ಆ ಕ್ಷಣದಲ್ಲಿ ಅವಳ ದುಃಖಕ್ಕೊಂದು ಮುಖ ಸಿಕ್ಕಿತು.

ಅವನ ಹೆಸರು ಚಲಪತಿ. ಕಾಮಸಮುದ್ರದ ಕಡೆಯವನು, ಬಂಗಾರಪೇಟೆಯಲ್ಲಿ ವಾಸ. ಬೆಂಗಳೂರಿನ ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಹಾಕುವ ಕೆಲಸ. ಮಾರನೆಯ ದಿನ ಮಣ್ಣು ಮಾಡುವವರೆಗೂ ಇದ್ದು, ಎಲ್ಲರೊಡನೆ ಹೆಗಲು ಕೊಟ್ಟ. ಹೊರಡುವಾಗ ಹೊಸಿಲ ಬಳಿ ನಿಂತು, ಅಭ್ಯಾಸ ಬಲದಿಂದ, "ಬತ್ತೀನಮ್ಮಾ," ಎಂದುಬಿಟ್ಟ.

ಸಾವಿನ ಮನೆಯಿಂದ ಹೊರಡುವವರು ಮಾತಿಲ್ಲದೆ ಎದ್ದು ಹೋಗಬೇಕು. ಬರುತ್ತೇನೆ ಎನ್ನಬಾರದು. ಅಂದರೆ ಸಾವನ್ನೇ ಮತ್ತೆ ಕರೆದಂತೆ.

"ಏನ್ಲಾ ಅಂದೆ?" ಅತ್ತೆ ಸಿಡಿದಳು. "ಇನ್ನೊಬ್ರನ್ನ ಕರ್ಕೊಂಡೋಗಕ್ ಬತ್ತೀಯಾ?"

ಅವನು ತಲೆ ತಗ್ಗಿಸಿ ನಡೆದು ಹೋದ.

ಅವತ್ತೇ ಅತ್ತೆ ಇನ್ನೊಂದು ಮಾತು ಕೇಳಿದ್ದಳು. "ಅಣ್ಣನ ಹೆಗಲ ಮೇಲೆ ಟವಲೇ ಇರ್ಲಿಲ್ವಲ್ಲ ವನಿತಾ. ಅದಿಲ್ದೆ ಅವನು ಬಾಗ್ಲು ದಾಟ್ತಿರ್ಲಿಲ್ಲ. ಎಲ್ಲೋಯ್ತು?"

ಕಳೆದುಹಾಕಿರುತ್ತಾನೆ, ಅಪ್ಪನ ಜೀವವನ್ನೇ ಕಳೆದವನಿಗೆ ಟವಲು ಯಾವ ಲೆಕ್ಕ ಎಂದುಕೊಂಡಳು ವನಿತಾ.

ಆದರೆ ಅವಳು ಯಾರಿಗೂ ಹೇಳದೆ ಉಳಿಸಿಕೊಂಡ ಸಂಗತಿಯೊಂದಿತ್ತು.

ಪೆರುಮಾಳ್ ಗಣಿಯಲ್ಲಿದ್ದಾಗ ಕ್ರಿಸ್‌ಮಸ್‌ಗೆ ರಜೆ ಸಿಗುತ್ತಿತ್ತು. ರಜೆ ಸಿಕ್ಕರೆ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ಎಲ್ಲಿ ಕಚೇರಿ ಇದೆಯೋ ಹುಡುಕಿ ಕೇಳಿ ಬರುವುದು. ಗಣಿ ಮುಚ್ಚಿತು, ಹೆಂಡತಿ ತೀರಿಕೊಂಡಳು, ಎದೆ ಕೆಟ್ಟಿತು. ಆ ಒಂದು ಅಭ್ಯಾಸ ಮಾತ್ರ ಉಳಿಯಿತು. ಕೊನೆಯ ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಮಗಳನ್ನು ಕೇಳಿದ್ದರು.

"ಒಂದ್ಸಲ ನೀನೂ ಬಾ ಮ್ಮಾ. ಒಬ್ನೇ ಕೇಳಿದ್ರೆ ಅರ್ಧಾನೇ ಕೇಳ್ದಂಗೆ."

"ಅಂಗಡಿ ಇದೆಯಪ್ಪ. ಈ ಚಳೀಲಿ ನೀನೂ ಎಲ್ಲೂ ಹೋಗಂಗಿಲ್ಲ. ಮುಂದಿನ ವರ್ಷ ನೋಡೋಣ."

"ಸರಿ ಮ್ಮಾ," ಎಂದಿದ್ದರು ಅಪ್ಪ. ನಕ್ಕಿದ್ದರು ಕೂಡ.

ಮುಂದಿನ ವರ್ಷ... ಎಷ್ಟು ಸುಲಭವಾಗಿ ಬಂದಿತ್ತು ಬಾಯಿಂದ!

ಆ ನೆನಪು ಎದೆಗೆ ಒತ್ತಿದಾಗಲೆಲ್ಲ ಅವಳು ಚಲಪತಿಯನ್ನು ದ್ವೇಷಿಸಿದಳು. ಹಾಗೆ ಮಾಡಿದರೆ ಸ್ವಲ್ಪ ಉಸಿರಾಡಬಹುದಿತ್ತು.

ಬತ್ತೀನಿ ಎಂದವನು ಬಂದೇ ಬಂದ. ಮನೆಗಲ್ಲ, ರಾಬರ್ಟ್‌ಸನ್‌ಪೇಟೆಯ ಅವಳ ಔಷಧಿ ಅಂಗಡಿಗೆ. ಸ್ಪೀಕರ್ ಡಬ್ಬ ಹೊತ್ತ ಬೆನ್ನಿಗೆ ಒಂದು ಡಬ್ಬಿ ಮುಲಾಮು ಕೊಳ್ಳುವನು. "ಅತ್ತೆ ಊಟ ಮಾಡ್ತಾವ್ರಾ?" ಎಂದು ಕೇಳುವನು. ಅವಳು ಉತ್ತರ ಕೊಡುತ್ತಿರಲಿಲ್ಲ. ಅವನು ಹೋಗಿಬಿಡುವನು.

ಜೊತೆಗೆ ಕೆಲಸ ಮಾಡುವ ಶ್ಯಾಮಲಾ ಒಮ್ಮೆ ಕೇಳಿಯೇ ಬಿಟ್ಟಳು. "ಏನಣ್ಣಾ, ಬಂಗಾರಪೇಟೇಲಿ ಮೆಡಿಕಲ್ ಸ್ಟೋರೆಲ್ಲ ಮುಚ್ಚೋದ್ವಾ? ಇಷ್ಟೊತ್ತಿಗೆ ನಿಮ್ಮ ಬೆನ್ನಿಗೆ ಬೆಣ್ಣೆ ಮೆತ್ದಂಗೆ ಆಗಿರ್ಬೇಕು."

ಅವನು ನಕ್ಕ. ಅವನ ನಗು ಎಳೆ ಮಗುವಿನದಂತಿತ್ತು. ಅದನ್ನು ಕಂಡು ವನಿತಾಳಿಗೆ ತಾನೂ ನಗಬೇಕೆನಿಸಿತು. ಅನಿಸಿದ್ದೇ ತಡ, ಅಪ್ಪನ ಮುಖ ಕಣ್ಣ ಮುಂದೆ ಬಂತು. ತನ್ನ ಮೇಲೆಯೇ ಉಕ್ಕಿದ ಸಿಟ್ಟು ಅವನ ಮೇಲೆ ಬಿತ್ತು.

"ಇನ್ನು ಇಲ್ಲಿಗೆ ಬರ್ಬೇಡಿ. ನಮ್ಮಪ್ಪನ್ನ ಕೊಂದೋರು ನೀವು."

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನು ಮುಲಾಮಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಇಳಿದು ಹೋದ. ಮತ್ತೆ ಬರಲಿಲ್ಲ.

ಆ ಡಬ್ಬಿಯನ್ನು ಅವಳು ಕಪಾಟಿಗೆ ಹಿಂದಿರುಗಿಸಲಿಲ್ಲ. ಮೇಜಿನ ಡ್ರಾಯರಿನಲ್ಲಿ ಇಟ್ಟಳು. ಏಕೆಂದು ಅವಳಿಗೇ ತಿಳಿಯದು. ಬಾಗಿಲಲ್ಲಿ ನೆರಳು ಆಡಿದರೆ ತಲೆ ಎತ್ತುವುದಂತೂ ನಿಲ್ಲಲಿಲ್ಲ.

ಸೂತಕದ ವರ್ಷ ಕಳೆಯಿತು. ಅಷ್ಟು ದಿನವೂ ಆ ಮನೆಯಲ್ಲಿ ರೇಡಿಯೋ ಹಾಡಿರಲಿಲ್ಲ. ತಿಥಿ ಮುಗಿದ ಮೇಲೆ ಅತ್ತೆ ಅದರ ಮೇಲಿನ ಬಟ್ಟೆ ತೆಗೆದು ಧೂಳು ಒರೆಸಿದಳು. ಸಂಗೀತ ಕೇಳಿಬಂತು. ವನಿತಾ ನಿಂತಲ್ಲೇ ಅತ್ತಳು. ವರ್ಷದ ಹಿಂದೆ ಬರಬೇಕಾಗಿದ್ದ ಅಳು ಅದು.

"ಅತ್ತೆ, ನಾನು ಬೆಂಗಳೂರಿಗೆ ಹೋಗ್ಬತ್ತೀನಿ. ಅಪ್ಪನ ಹೆಸರಲ್ಲಿ ಒಂದು ಕಚೇರಿ ಕೇಳ್ಬೇಕು."

"ಎಲ್ಲಿ ಅಂತ ಓಗ್ತೀಯಮ್ಮಾ? ನಿಂಗೇನ್ ಗೊತ್ತು?"

ಗೊತ್ತಿರಲಿಲ್ಲ. ಅಪ್ಪ ಕೊನೆಯುಸಿರೆಳೆದ ಜಾಗ ಯಾವುದೆಂದು ಕೂಡ ಅವಳು ಕೇಳಿರಲಿಲ್ಲ. ಕ್ರಿಸ್‌ಮಸ್‌ನ ಹಿಂದಿನ ದಿನ ಬೆಳಗಿನ ರೈಲು ಹತ್ತಿದಳು.

ನಗರದಲ್ಲಿ ಕಚೇರಿ ಹುಡುಕುವುದು ಅಷ್ಟು ಸುಲಭವಿರಲಿಲ್ಲ. ಮೊದಲು ಹೋದ ಸಂಗೀತ ಸಭಾಂಗಣಕ್ಕೆ ಬೀಗ ಹಾಕಿತ್ತು.

"ಡಿಸೆಂಬರ್‌ನಲ್ಲಿ ಹಾಡೋರೆಲ್ಲ ಸಂಗೀತೋತ್ಸವಕ್ಕೆ ಮದ್ರಾಸಿಗೆ ಹೋಗ್ತಾರಮ್ಮ," ಎಂದ ಕಾವಲುಗಾರ. "ಕೇಳೋರೂ ಅಲ್ಲಿಗೇ ಹೋಗ್ತಾರೆ. ಜನವರಿಗೆ ಬನ್ನಿ."

ಎರಡನೆಯ ಕಡೆ ಕೇಕು ಪ್ರದರ್ಶನ ನಡೆಯುತ್ತಿತ್ತು. ಆಮೇಲೆ ಸಿಕ್ಕ ಒಂದು ದೇವಸ್ಥಾನದಲ್ಲಿ ಧನುರ್ಮಾಸದ ಪೂಜೆ, ಹಾಡುಗಾರಿಕೆ ಎಲ್ಲ ಬೆಳಕು ಹರಿಯುವ ಮೊದಲೇ ಮುಗಿದು ಪೊಂಗಲ್ ಪ್ರಸಾದ ಮಾತ್ರ ಉಳಿದಿತ್ತು. ಎದೆ ಕೆಟ್ಟ ಅಪ್ಪ ಪ್ರತಿ ವರ್ಷ ಹೀಗೇ ಅಲೆಯುತ್ತಿದ್ದರೇ? ಒಬ್ಬರೇ?

ರಸ್ತೆ ಬದಿಯ ಚರ್ಚಿನಿಂದ ಮಕ್ಕಳ ಹಾಡು ಕೇಳಿಸಿತು. ದಣಿವಾರಿಸಿಕೊಳ್ಳಲು ಅವಳು ಮೆಟ್ಟಿಲ ಮೇಲೆ ಕುಳಿತಳು. ಒಳಗೆ ಯಾರೋ ಮೈಕ್ ತಟ್ಟಿ, "ಅಲೋ... ಅಲೋ..." ಎಂದರು.

ಆ ದನಿ!

ಚಲಪತಿ ವೈರು ಸುತ್ತಿಕೊಳ್ಳುತ್ತಾ ಹೊರಬಂದವನು ಅವಳನ್ನು ಕಂಡು ನಿಂತುಬಿಟ್ಟ. ಸ್ವಲ್ಪ ಇಳಿದುಹೋಗಿದ್ದ.

"ನೀವು... ಇಲ್ಲಿ?"

"ಅಪ್ಪ ಕೊನೇಲಿ ಕೇಳಿದ ಜಾಗ ಎಲ್ಲಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಸಲ ಅಲ್ಲಿ ಕೂತು ಕೇಳ್ಬೇಕು."

ಅವನು ಮತ್ತೆ ವೈರು ಸುತ್ತತೊಡಗಿದ. "ಬೇರೆ ಕಡೆ ಓಗಣ. ಇನ್ನೂ ಒಳ್ಳೆ ಕಚೇರಿ ಐತೆ," ಎಂದ.

"ಬೇಡ. ಅಲ್ಲಿಗೇ ಕರ್ಕೊಂಡೋಗಿ."

ಅದೊಂದು ರಾಮಮಂದಿರದ ಮಹಡಿ. ಮದ್ರಾಸಿಗೆ ಕರೆ ಬಾರದ ಹಾಡುಗಾರರು, ಮದ್ರಾಸಿಗೆ ಹೋಗಲಾಗದ ಕೇಳುಗರು ಸೇರುವ ಪುಟ್ಟ ಸಭಾಂಗಣ. ಮಧ್ಯಾಹ್ನದ ಕಚೇರಿಗೆ ತಂಬೂರಿ ಶ್ರುತಿ ಮಾಡುತ್ತಿದ್ದರು. ಚಲಪತಿಯ ಮೈಕುಗಳು ಆಗಲೇ ನಿಂತಿದ್ದವು.

ಪ್ರಸಾದ ಹಂಚುವ ಹಿರಿಯರು, ಆದಿನಾರಾಯಣ ಎಂಬವರು, ಅವನನ್ನು ಕಂಡು ಹತ್ತಿರ ಬಂದರು. "ಯಾರಪ್ಪಾ ಈ ಹುಡುಗಿ?"

"ಪೆರುಮಾಳಣ್ಣನ ಮಗಳು," ಎಂದ ಚಲಪತಿ ಮೆಲ್ಲಗೆ.

ಹಿರಿಯರ ಕಣ್ಣು ಅರಳಿದವು. "ಅಯ್ಯೋ, ನೀನೇನಮ್ಮಾ? ನಿನಗೇ ಅಲ್ಲವೇ ಅವರು ಸೀಟು ಹಿಡಿದಿದ್ದು! ಜಾಗವಿಲ್ಲದೆ ಜನ ನಿಂತಿದ್ದರು. ನಾನೇ ಹೋಗಿ ಕೇಳಿದೆ. 'ಇಲ್ಲ ಸ್ವಾಮಿ, ನನ್ನ ಮಗಳು ಬರ್ತಾಳೆ, ರೈಲು ತಡ ಆಗಿದೆ' ಎಂದರು. ಕೊನೆಯವರೆಗೂ ಕುರ್ಚಿ ಮೇಲಿನ ಟವಲು ತೆಗೆಯಲಿಲ್ಲ."

ಟವಲು ಏಕೆಂದು ವನಿತಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಉರಿಗಾಂ ಮೂಲಕ ಬೆಂಗಳೂರಿಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ದಿನವೂ ಓಡಾಡುವವರ ಪದ್ಧತಿ ಅದು. ಮುಂದಿನ ಸ್ಟೇಷನ್ನಿನಲ್ಲಿ ಹತ್ತುವ ತಮ್ಮವರಿಗಾಗಿ ಪಕ್ಕದ ಸೀಟಿನ ಮೇಲೆ ಟವಲು ಹಾಸುವುದು. ಹಾಸಿದ ಟವಲನ್ನು ಯಾರೂ ಮುಟ್ಟುವುದಿಲ್ಲ, ಬರುವವರು ಬರುತ್ತಾರೆಂಬ ನಂಬಿಕೆ. ಬೆಳಗ್ಗೆ ಒಲ್ಲೆ ಎಂದ ಮಗಳು ಮನಸ್ಸು ಬದಲಿಸಿ ಮುಂದಿನ ರೈಲಿಗೆ ಬಂದಾಳೆಂದು ಅಪ್ಪ ಟವಲು ಹಾಸಿದ್ದರು.

ಅವಳು ಚಲಪತಿಯ ಕಡೆ ತಿರುಗಿದಳು. "ನಿಮಗಿದು ಗೊತ್ತಿತ್ತಾ?"

ಅವನು ಸ್ಪೀಕರ್ ಡಬ್ಬದ ಬೀಗ ತೆರೆದು, ಒಗೆದು ಮಡಿಸಿಟ್ಟ ಚೌಕಳಿ ಟವಲನ್ನು ತೆಗೆದ.

"ಅವರನ್ನ ನಾನು ಕರ್ಕೊಂಡ್ ಬರ್ಲಿಲ್ಲ. ಬಂಗಾರಪೇಟೇಲಿ ರೈಲು ಹತ್ದಾಗ ಕೂತಿದ್ರು, ವರ್ಷಾ ವರ್ಷಾ ಕೂತಿರೋ ಹಂಗೇ. ಉಸ್ರು ನೋಡಿ ವಾಪಸ್ ಓಗಣ ಅಂದೆ. ಕೇಳ್ಲಿಲ್ಲ. ಒಬ್ರನ್ನೇ ಬಿಡಕ್ಕಾಗದೆ ಜೊತೇಲಿ ಬಂದೆ."

"ಅವತ್ತೇ ಯಾಕೆ ಹೇಳ್ಲಿಲ್ಲ? ಕೊಂದೋರು ಅಂದೆ ನಾನು ನಿಮ್ಮನ್ನ. ಎಲ್ಲರ ಮುಂದೆ ಅಂದೆ."

"ಟವಲು ಕೊಟ್ರೆ ಎಲ್ಲಿತ್ತು ಅಂತ ಕೇಳ್ತೀರಿ. ಕುರ್ಚಿ ಮೇಲಿತ್ತು ಅಂದ್ರೆ ಯಾರಿಗೆ ಅಂತ ಕೇಳ್ತೀರಿ." ಅವನು ಟವಲಿನ ಮಡಿಕೆ ಸರಿಮಾಡಿದ. "ನನ್ನ ಬೈಕೊಂಡು ನೀವು ಬದುಕ್ತೀರಿ ಅನ್ನಿಸ್ತು. ಇದನ್ನ ಕೇಳಿದ್ರೆ... ಬದುಕ್ತೀರಾ ಅಂತ ಗೊತ್ತಾಗ್ಲಿಲ್ಲ."

ಒಂದು ವರ್ಷ ಅವಳ ಪಾಲಿನ ತಪ್ಪನ್ನು ಈ ಮನುಷ್ಯ ಹೊತ್ತಿದ್ದ. ಅದಕ್ಕಾಗಿ ಅವಳು ಕೊಟ್ಟದ್ದು ಅವಮಾನ.

ಕಚೇರಿ ಶುರುವಾಯಿತು. ಹಿರಿಯರು ತೋರಿಸಿದ ಕುರ್ಚಿಯಲ್ಲಿ ವನಿತಾ ಕುಳಿತಳು. ಅಪ್ಪ ಅವಳಿಗೆಂದು ಹಿಡಿದಿದ್ದ ಕುರ್ಚಿ. ಪಕ್ಕದ ಅಪ್ಪನ ಕುರ್ಚಿಯ ಮೇಲೆ ಟವಲನ್ನು ತಾನೇ ಹಾಸಿದಳು.

ರಾಗ ತಾಳ ಅವಳಿಗೆ ತಿಳಿಯದು. ಆದರೂ ನಡುವಯಸ್ಸಿನ ಆ ಹಾಡುಗಾರ್ತಿ ಮೋಹನ ರಾಗವನ್ನು ನಿಧಾನವಾಗಿ ಎತ್ತಿದಾಗ, ಅಪ್ಪ ಬೆಳಗಿನ ಕಾಫಿಯ ಮುಂದೆ ಗುನುಗುತ್ತಿದ್ದದ್ದು ಇದೇ ಎಂದು ಗೊತ್ತಾಯಿತು. ಕಣ್ಣೀರು ಸುರಿಯುತ್ತಲೇ ಇತ್ತು. 'ಬಂದೆ ಅಪ್ಪ... ರೈಲು ತಡ ಆಯ್ತು,' ಎಂದಳು ಮನಸ್ಸಿನಲ್ಲೇ.

ಮಂಗಳ ಮುಗಿದು ಎಲ್ಲರೂ ಎದ್ದರು. ಅವಳು ಏಳದಿದ್ದುದನ್ನು ಕಂಡು ಚಲಪತಿ ಗಾಬರಿಯಿಂದ ಓಡಿ ಬಂದ. "ವನಿತಾ ಅವ್ರೇ!"

"ಇದೀನಿ," ಎಂದಳು ಅವಳು. ಆ ಗಾಬರಿ ಹಿಡಿದ ಮುಖವನ್ನು ನೋಡುತ್ತಿದ್ದಂತೆ, ಅವನು ಅಷ್ಟು ಸಲ ಅಂಗಡಿಗೆ ಬಂದದ್ದು ಏಕೆಂದು ಅವಳಿಗೆ ತಿಳಿಯಿತು.

ಸಂಜೆಯ ರೈಲಿನಲ್ಲಿ ಇಬ್ಬರೂ ಎದುರುಬದುರು ಕುಳಿತರು.

"ನನ್ನ ಹೆಸರು ಅವತ್ತೇ ಹೇಗೆ ಗೊತ್ತಿತ್ತು?"

"ಪೆರುಮಾಳಣ್ಣ ರೈಲಲ್ಲಿ ಇನ್ನೇನ್ ಮಾತಾಡ್ತಿದ್ರು? ಮಾತ್ರೆ ಟೈಮಿಗೆ ಕೊಡ್ತಾಳೆ, ಉಪ್ಪು ಕಮ್ಮಿ ಹಾಕ್ತಾಳೆ, ಬೈತಾಳೆ, ಆಮೇಲೆ ತಾನೇ ಅಳ್ತಾಳೆ..." ಅವನು ಕಿಟಕಿಯಾಚೆ ನೋಡಿದ. "ನೋಡೋಕ್ ಮುಂಚೇನೇ ಒಂದ್ಸಲ ಬೈಸ್ಕೋಬೇಕು ಅನ್ನಿಸ್ತಿತ್ತು. ಆಸೆ ಚೆನ್ನಾಗೇ ತೀರ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ನಿಮ್ಮ ಮುಲಾಮು ನನ್ನ ಡ್ರಾಯರಲ್ಲಿದೆ," ಎಂದಳು.

ಬಂಗಾರಪೇಟೆ ಬಂತು. ಅವನು ಇಳಿಯುವ ಜಾಗ. ಎದ್ದು ಡಬ್ಬ ಎತ್ತಿಕೊಂಡ. ಏನೂ ಹೇಳದೆ ಬಾಗಿಲ ಕಡೆ ನಡೆದ.

"ಯಾಕೆ, ಹೇಳಲ್ವಾ?"

"ಏನು?"

"ಬತ್ತೀನಿ ಅಂತ."

"ಒಂದ್ಸಲ ಅಂದು ನಿಮ್ಮತ್ತೆ ಹತ್ರ ಬೈಸ್ಕೊಂಡಿದೀನಿ. ಬಾಯ್ ತಪ್ಪಿ ಬಂದಿದ್ದು ಅದು. ಆದ್ರೆ ಅಂದ್ಮೇಲೆ ಬರ್ದೆ ಇರಕ್ಕಾಗ್ಲಿಲ್ಲ."

"ಈಗ ಬಾಯ್ ತಪ್ದೆ ಹೇಳಿ. ಸೂತಕ ಕಳೀತು. ಅತ್ತೇನೂ ಬಾಗ್ಲು ತೆಗೀತಾರೆ."

ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅವನು ಕಿಟಕಿಯ ಸರಳು ಹಿಡಿದ. ಅವಳು ತನ್ನ ಕೈಯನ್ನು ಅವನ ಕೈ ಮೇಲಿಟ್ಟಳು.

"ಬತ್ತೀನಿ ವನಿತಾ."

"ಬನ್ನಿ."

ರೈಲು ಹೊರಟಿತು. ಪಕ್ಕದ ಖಾಲಿ ಸೀಟಿನ ಮೇಲೆ ಅಪ್ಪನ ಟವಲು ಹಾಸಿತ್ತು. ಉರಿಗಾಂ ಹತ್ತಿರವಾದಂತೆ, ಕತ್ತಲಲ್ಲಿ ಗಣಿಮಣ್ಣಿನ ಬೂದು ದಿಬ್ಬಗಳ ಆಚೆ ಮನೆಮನೆಯ ನಕ್ಷತ್ರಗಳು ಒಂದೊಂದಾಗಿ ಕಾಣಿಸಿದವು. ಅವಳು ಕೈ ಜೋಡಿಸಿದಳು.

"ಸ್ವಾಮಿ, ನಮ್ಮಪ್ಪ ನೆಲದಡಿಯ ಕತ್ತಲಲ್ಲಿ ಬಹಳ ವರ್ಷ ದುಡಿದವರು. ಅವರನ್ನು ಬೆಳಕಿರುವ ಕಡೆ ಕೂರಿಸು. ಅಲ್ಲಿ ಧೂಳು ಬೇಡ, ಅವರ ಉಸಿರು ಸರಾಗವಾಗಿರಲಿ. ನಿನ್ನ ಸನ್ನಿಧಿಯ ಹಾಡನ್ನು ಅವರು ಕೊನೆಯವರೆಗೂ ಕೇಳಲಿ. ತಡವಾಗಿ ಬಂದ ಮಗಳನ್ನು ಅವರು ಕ್ಷಮಿಸಲಿ. ಆ ಜೀವಕ್ಕೆ ಶಾಂತಿ ಕೊಡು, ತಂದೆ."