ಗಂಡು ಜಿಗಿಹುಳು ಸಿಕ್ಕ ಬೆಳಗ್ಗೆ

"ಇದು ಹೊಸ ಜಾತಿ ಅಲ್ಲ."

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಅವನು ಹೇಳಿದ. ಬೇರೆ ಸಂಸ್ಥೆಯಿಂದ ಬಂದಿದ್ದ ಕೀಟತಜ್ಞ. ಅವಳು ಕೆಲಸ ಮಾಡುವ ಕೀಟ ಸಂಗ್ರಹಾಲಯಕ್ಕೆ ಕಾಲಿಟ್ಟಿದ್ದು ಅಂದೇ.

ಅಕ್ಕಿಕಾಳಿಗಿಂತ ಚಿಕ್ಕದಾದ ಆ ಹಸಿರು ಜಿಗಿಹುಳುವನ್ನು ಕೆರೆಯಂಚಿನ ಪೊದೆಯಲ್ಲಿ ಮೊದಲು ಕಂಡವಳು ಅವಳೇ. ಎಲೆಯ ರಸ ಹೀರುತ್ತ ಕೂತಿದ್ದು, ಬೆರಳು ಚಾಚಿದರೆ ಚಂಗನೆ ನೆಗೆಯುವ ಹುಳು. ಇದು ಹೊಸ ಜಾತಿಯೆಂದು ವಿವರವಾಗಿ ಬರೆದು, ಇನ್ನೇನು ಅಚ್ಚಿಗೆ ಕಳಿಸುವುದರಲ್ಲಿದ್ದಳು.

"ನೆತ್ತಿ ಮೇಲಿನ ಕಪ್ಪು ಚುಕ್ಕೆ ನೋಡಿದ್ರಾ? ರೆಕ್ಕೆ ತುದಿಯ ಕಂದು ಪಟ್ಟಿ?"

"ನೋಡಿದೆ. ಬಣ್ಣ ನಂಬೋಕಾಗಲ್ಲ, ಹವೆ ಬದಲಾದ್ರೆ ಅದೂ ಬದಲಾಗುತ್ತೆ. ಗಂಡಿನ ಹೊಟ್ಟೆ ತುದಿಯೊಳಗಿನ ಅಂಗ ಜಾತಿಗೊಂದು ಥರ ಇರುತ್ತೆ, ಅದನ್ನ ನೋಡದೆ ಜಾತಿ ಹೇಳೋದು ಹೇಗೆ? ಗಂಡು ಎಲ್ಲಿ?"

ಗಂಡು ಸಿಕ್ಕಿರಲಿಲ್ಲ. ಅವಳು ಹಿಡಿದು ಪೆಟ್ಟಿಗೆಯಲ್ಲಿಟ್ಟವೆಲ್ಲ ಹೆಣ್ಣು.

ಅವನು ಹೇಳಿದ್ದರಲ್ಲಿ ಅರ್ಥವಿತ್ತು... ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಆದರೂ ದಿನ ಕಳೆದಂತೆ ಸಿಟ್ಟು ಇಳಿಯಿತು. ಎದುರು ಮೇಜಿನಲ್ಲಿ ಕೂರುವಾಗ ಅವನು ಅವಳ ಬೆಳಕಿಗೆ ಅಡ್ಡವಾಗದಂತೆ ಕುರ್ಚಿ ಸರಿಸಿಕೊಳ್ಳುತ್ತಿದ್ದ. ಚಹಾ ತರುವಾಗ ಕೇಳದೆಯೇ ಅವಳಿಗೂ ಒಂದು ಲೋಟ ತರುತ್ತಿದ್ದ.

ಅಷ್ಟರಲ್ಲೇ ಕಾವಲುಗಾರ ಹೇಳಿದ: "ಆ ಸಾರ್ ದಿನಾ ಬೆಳಗ್ಗೆ ಬಲೆ ಹಿಡ್ಕೊಂಡು ಕೆರೆ ಕಡೆ ಹೋಗ್ತಾರೆ ಮೇಡಂ."

ನನ್ನ ಬಾಯಿ ಮುಚ್ಚಿಸಿ, ಹೊಸ ಜಾತಿಗೆ ತಾನೇ ಹೆಸರಿಡೋಕೆ ಹೊರಟಿದ್ದಾನೆ... ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು.

"ಸಿಟ್ಟು ಹುಳದ ಮೇಲೋ, ಹುಳ ಹಿಡಿಯೋನ ಮೇಲೋ?" ಮನೆಯಲ್ಲಿ ಬಟ್ಟೆ ಮಡಚುತ್ತ ಅಕ್ಕ ಕೆಣಕಿದಳು.

"ಅಕ್ಕಾ, ಸುಮ್ನಿರು."

"ನಾನು ಸುಮ್ನಿರ್ತೀನಿ ಕಣೇ. ನೀನು ಹೋಗಿ ಅವನನ್ನೇ ಕೇಳು."

ಮರುದಿನ ಅವಳು ನೇರ ಕೆರೆಗೇ ಹೋದಳು. ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಂಬೆಯೊಂದನ್ನು ಬಗ್ಗಿಸಿ ಹಿಡಿದಿದ್ದ.

"ನನ್ನ ಹುಳು ಬೇಕಿದ್ರೆ ಬಾಯಿಬಿಟ್ಟು ಕೇಳಬಹುದಿತ್ತು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಸಪ್ಪಗಾಯಿತು. ಜೇಬಿನಿಂದ ಚಿಕ್ಕ ಸೀಸೆಯೊಂದನ್ನು ತೆಗೆದು ಅವಳತ್ತ ಚಾಚಿದ.

"ಗಂಡು. ಈಗಷ್ಟೇ ಸಿಕ್ತು. ನೀರಿನ ಮೇಲೆ ಬಾಗಿರೋ ಕೊಂಬೆಗಳಲ್ಲಿತ್ತು, ದಡದಿಂದ ಎಟುಕಲ್ಲ."

"ಪರೀಕ್ಷೆ ಮಾಡಿದ್ರಾ?"

"ಇಲ್ಲ. ಮೊದಲು ನೀವು ನೋಡಬೇಕು."

ಅವಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಸಂಗ್ರಹಾಲಯಕ್ಕೆ ಮರಳಿ, ಸೂಜಿ ಮೊನೆಯಲ್ಲಿ ಹೊಟ್ಟೆಯ ತುದಿ ಬಿಡಿಸಿ ನೋಡಿದಳು. ಹತ್ತಿರದ ಜಾತಿಗಳಲ್ಲಿ ಕಡ್ಡಿಯಂತೆ ನೆಟ್ಟಗಿರುವ ಭಾಗ ಇಲ್ಲಿ ಕೊಕ್ಕೆಯಂತೆ ಹಿಂದಕ್ಕೆ ಬಾಗಿ, ತುದಿಯಲ್ಲಿ ಕವಲೊಡೆದಿತ್ತು.

"ಬನ್ನಿ... ನೋಡಿ."

ಅವನು ಬಹಳ ಹೊತ್ತು ನೋಡಿದ. "ಹೊಸದೇ. ನಾನು ದುಡುಕಿದೆ. ನೀವು ಹೇಳಿ, ನಾನು ಬರ್ಕೋತೀನಿ."

ಮೊಂಡು ತಲೆ, ಹಿಂಗಾಲಿನುದ್ದಕ್ಕೂ ಸಾಲು ಮುಳ್ಳು, ಹೊಟ್ಟೆಯೊಳಗಿನ ಕೊಕ್ಕೆ... ಹೇಳುತ್ತ ಹೇಳುತ್ತ ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು.

"ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ."

"ಚಹಾ ಮುಟ್ಟೋದು ಬಿಟ್ರಲ್ಲ, ಆಗಲೇ ಏನೋ ಸಿಟ್ಟು ಅಂತ ಗೊತ್ತಾಯ್ತು. ಯಾಕೆ ಅಂತ ಗೊತ್ತಾಗಲಿಲ್ಲ."

"ಕೆರೆಗೆ ಹೋಗ್ತಿದ್ದೀನಿ ಅಂತ ಹೇಳಬಾರದಿತ್ತಾ?"

"ಗಂಡು ಸಿಗದೇ ಹೋಗಿದ್ರೆ? ನಿಮಗೆ ಮತ್ತೆ ಆಸೆ ಹುಟ್ಟಿಸಿ ಮುರಿಯೋಕೆ ಮನಸ್ಸಾಗಲಿಲ್ಲ."

ಅವನು ಕಾಗದದ ಮೇಲಿನ ಕಣ್ಣು ಎತ್ತಲಿಲ್ಲ. "ನಾಳೆ ಹೊರಡಬೇಕು. ಇಲ್ಲಿನ ಕೆಲಸ ಮುಗೀತು."

"ಹೋಗ್ಬೇಡಿ." ತಡೆಯುವ ಮೊದಲೇ ಮಾತು ಜಾರಿತ್ತು.

"ಹುಳುವಿಗೋಸ್ಕರನಾ?"

"ಅಲ್ಲ... ನನಗೋಸ್ಕರ."

ಅವನು ಪೆನ್ನು ಕೆಳಗಿಟ್ಟ. "ಈ ಮಾತನ್ನ ನಾನೇ ಆಡಬೇಕಿತ್ತು. ದಿನಾ ಬಾಯಿ ತನಕ ಬಂದು ನಿಲ್ತಿತ್ತು."

ಮೇಜಿನ ಮೇಲಿದ್ದ ಅವನ ಕೈ ಮೇಲೆ ಅವಳು ತನ್ನ ಕೈ ಇಟ್ಟಳು.

"ಎಷ್ಟು ತಣ್ಣಗಿದೆ ನಿಮ್ಮ ಕೈ..." ಅಂದಳು.

"ತೆಗೀಬೇಡಿ. ಸ್ವಲ್ಪ ಹೊತ್ತು ಹೀಗೇ ಇರ್ಲಿ."

"ಸ್ವಲ್ಪ ಹೊತ್ತು ಸಾಕಾ?"

"ಸಾಕಾಗಲ್ಲ," ಅಂದ ಅವನು, ಮೆಲ್ಲಗೆ.