ಏಪ್ರಿಲ್ ಕಿಸೆಯ ಕಾರ್ಡು

"ಈಕಿ ಕೈಲೆ ನನ್ನ ಕೂಸಿಗಿ ಸೂಜಿ ಬ್ಯಾಡ!"

ಕರಜಗಿಯ ಅಂಗನವಾಡಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ನರ್ಸ್ ಸಾರಿಕಾಳ ಕೈ ಗಾಳಿಯಲ್ಲೇ ನಿಂತಿತು.

ಕೂಗಿದವಳು ಗುರುಬಾಯಿ. ಅವಳ ಒಂಬತ್ತು ತಿಂಗಳ ಮಗನನ್ನು ಎತ್ತಿಕೊಂಡು ನಿಂತವನು... ಅವಳ ತಮ್ಮ ಸೋಮೇಶ! ಸೊಲ್ಲಾಪುರದ ಟವೆಲ್ ವ್ಯಾಪಾರಿ.

ಸಾರಿಕಾ ಅವನನ್ನು ನೋಡಿ ಎರಡು ವರ್ಷ! ಅಯ್ಯೋ, ಎಷ್ಟು ಸೊರಗಿದ್ದಾನೆ...

"ಲಾಕ್‌ಡೌನ್ ಮುಗದ ಮ್ಯಾಲ ಊರಾಗಿನ ಎಲ್ಲಾ ಕೂಸುಗಳಿಗಿ ಕರದು ಸೂಜಿ ಹಾಕಿದಿ. ನನ್ನ ಮನಿ ಅಷ್ಟ ಬಿಟ್ಟಿ! ಸೊಸಿ ಮಾಡ್ಕೊಳ್ಳಲಿಲ್ಲಂತ ನಮ್ಮವ್ವನ ಮ್ಯಾಗಿನ ಸಿಟ್ಟು, ನನ್ನ ಶ್ರಾವಣಿ ಮ್ಯಾಲ ತೀರಿಸ್ಕೊಂಡಿ..."

ಆ ಚಳಿಗಾಲದಲ್ಲಿ ಗುರುಬಾಯಿಯ ಮೊದಲ ಮಗಳು ಶ್ರಾವಣಿ ದಡಾರ ಬಂದು ತೀರಿಕೊಂಡಿದ್ದಳು.

ಸಾರಿಕಾ ತುಟಿ ಕಚ್ಚಿದಳು. 'ಹೇಳಿಬಿಡಲಾ? ಬೇಡ... ಹೇಳಿದರೆ ಅಕ್ಕನ ಕಣ್ಣಲ್ಲಿ ಅವನು ಏನಾಗುತ್ತಾನೆ?'

ಲಾಕ್‌ಡೌನಿನ ಆ ಏಪ್ರಿಲ್‌ನಲ್ಲಿ ಊರ ಲಸಿಕೆಯ ದಿನಗಳೆಲ್ಲ ರದ್ದಾಗಿದ್ದವು. ಸಾರಿಕಾಳನ್ನು ಅಕ್ಕಲಕೋಟ ರಸ್ತೆಯ ತಪಾಸಣಾ ನಾಕಾದಲ್ಲಿ ಹೋಗಿಬರುವವರ ಜ್ವರ ನೋಡಲು ನಿಲ್ಲಿಸಿದ್ದರು. ಗುರುಬಾಯಿ ಮಗಳೊಂದಿಗೆ ತವರಲ್ಲೇ, ಸೊಲ್ಲಾಪುರದಲ್ಲಿ ಸಿಕ್ಕಿಬಿದ್ದಿದ್ದಳು.

"ದಡಾರದ ಸೂಜಿ ಅಲ್ಲೇ ಹಾಕಸ್ರಿ," ಎಂದು ಸಾರಿಕಾ ಸೋಮೇಶನಿಗೆ ಮೂರು ಸಲ ಫೋನ್ ಮಾಡಿದ್ದಳು. ಮೂರನೇ ಸಲ ಸೋಮೇಶ ಹೇಳಿದ್ದ, "ಹಾಕಿಸೀವಿ."

"ತಾರೀಖ ಏನ್ರಿ?"

"ನೆನಪಿಲ್ಲ... ಆಮ್ಯಾಲ ಹೇಳ್ತೀನಿ."

ಸೋಮೇಶನ ಕಣ್ಣು ಈಗ ಗೋಡೆಗೆ ಅಂಟಿಕೊಂಡಿತು. ಅಲ್ಲಿ ತೂಗುತ್ತಿತ್ತು ಹನ್ನೆರಡು ಕಿಸೆಯ ಬಟ್ಟೆಚೀಲ. ತಿಂಗಳಿಗೊಂದು ಕಿಸೆ. ಲಸಿಕೆ ಬಾಕಿಯಿರುವ ಕೂಸುಗಳ, ನರ್ಸ್ ಬಳಿ ಉಳಿಯುವ ಅರ್ಧ ಕಾರ್ಡು ಅದರಲ್ಲಿ.

ಅವನೇ ಕೊಟ್ಟ ನೀಲಿ ಟವೆಲಿನಲ್ಲಿ ಹೊಲಿದದ್ದು!

ಏಪ್ರಿಲ್ ಕಿಸೆಯಿಂದ ಒಂದು ಹಳೇ ಕಾರ್ಡು ಇಣುಕುತ್ತಿತ್ತು. ಸೋಮೇಶ ಅದನ್ನು ಎಳೆದ. ಶ್ರಾವಣಿ. ಒಂಬತ್ತನೇ ತಿಂಗಳ ಜಾಗ ಖಾಲಿ.

"ಇನ್ನೂ... ಇಟ್ಟೀ?"

"ತಾರೀಖ ಇಲ್ಲದ ಕಾರ್ಡ ತೆಗಿಯಂಗಿಲ್ರಿ."

ಸೋಮೇಶ ಅಕ್ಕನ ಕಡೆ ತಿರುಗಿದ.

"ಅಕ್ಕಾ, ಈಕಿದೇನೂ ತಪ್ಪಿಲ್ಲ. ಹಾಕಿಸೀವಂತ ನಾನ ಸುಳ್ಳ ಹೇಳೀನಿ. ದವಾಖಾನಿ ತುಂಬ ಕೊರೊನಾದವ್ರು... ಅಂಜಿದ್ನಿ. ಅಂಜಿದ್ನಂತ ಈಕಿ ಮುಂದ ಹೇಳಾಕ ನಾಚಿಕಿ ಬಂತು. ಮುಂದ ಹಾಕಿಸಿದರಾತು ಅನ್ಕೊಂಡು... ಮರತೆ."

ಗುರುಬಾಯಿ ತಮ್ಮನ ಕೆನ್ನೆಗೆ ಬಾರಿಸಿದಳು. ಒಮ್ಮೆ. ಇನ್ನೊಮ್ಮೆ ಎತ್ತಿದ ಕೈ ಸೋತು ತನ್ನ ಬಾಯಿಯನ್ನೇ ಮುಚ್ಚಿಕೊಂಡಿತು. ಆಮೇಲೆ ಮಗನನ್ನು ಕಸಿದುಕೊಂಡು, ಸಾರಿಕಾಳ ಮುಂದೆ ಕುಳಿತಳು.

"ಹಾಕವಾ."

ಸೂಜಿ ಚುಚ್ಚಿತು. ಕೂಸು ಕಿರುಚಿತು. ಶ್ರಾವಣಿಯೂ ಹೀಗೇ ಕಿರುಚಬೇಕಿತ್ತು... ಸಾರಿಕಾಳ ಕಣ್ಣು ಮಂಜಾಯಿತು.

ಎಲ್ಲರೂ ಹೋದರು. ಹೊಸ್ತಿಲಲ್ಲಿ ಸೋಮೇಶ ಒಬ್ಬನೇ ಉಳಿದ.

"ನನಗ ಮಾಫ್ ಮಾಡಬ್ಯಾಡ, ಸಾರಿಕಾ."

"ಮಾಡಂಗಿಲ್ರಿ. ನನಗೂ ಮಾಡ್ಕೊಳ್ಳಾಕ ಆಗವಲ್ದು. ತಾರೀಖ ಇಲ್ದ ಯಾರ ಮಾತೂ ನಂಬಿದಾಕಿ ಅಲ್ಲ ನಾನು. ನಿಮ್ಮದಷ್ಟ ನಂಬಿನಿ..."

ಅವನು ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವಳೂ ಬಾಗಿಲು ಹಾಕಲಿಲ್ಲ.

"ಕೂಸಿನ ದಡಾರದ ಎರಡನೇ ಸೂಜಿ ಹದಿನಾರನೇ ತಿಂಗಳಿಗಿ ಅದ. ಕರಕೊಂಡ ಬರ್ತೀರೇನು?"

"ಅಷ್ಟ ದಿನ ತಡಿಯಾಕ ಆಗಂಗಿಲ್ಲ. ಅದಕ್ಕಿಂತ ಮೊದಲ ನಿನ್ನ ನೋಡಾಕ ಬರ್ಲ್ಯಾ?"

ಸಾರಿಕಾ ಕಣ್ಣೊರೆಸಿಕೊಂಡು ಪೆನ್ನು ತೆಗೆದಳು.

"ತಾರೀಖ ಹೇಳ್ರಿ."