ಗರ್ಭಗುಡಿಯ ಹೆಜ್ಜೆಗುರುತು

ಬಲು ಹಿಂದಿನ ಮಾತು. ನೈಲ್ ನದಿಯ ದಂಡೆಯಲ್ಲೊಂದು ರಾಜ್ಯ, ಆ ರಾಜ್ಯಕ್ಕೊಂದು ಸೂರ್ಯದೇವರ ಗುಡಿ. ಗುಡಿಯ ಮುಂದಿನ ಜೋಡಿ ಗೋಪುರಗಳನ್ನು ಜನ ಬೆಟ್ಟಗಳೆಂದೇ ಕರೆಯುತ್ತಿದ್ದರು. ಸೂರ್ಯ ದಿನವೂ ಹುಟ್ಟುತ್ತಿದ್ದುದು ಅವುಗಳ ನಡುವೆಯೇ.

ಒಂದು ದಿನ ಸೂರ್ಯ ಹುಟ್ಟಲೇ ಇಲ್ಲ. ಹೆಮೂರನೆಂಬ ಮಾಂತ್ರಿಕ ಅವನನ್ನು ಹಿಡಿದು ಗರ್ಭಗುಡಿಯ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದ. ಪೂಜೆಗೆ ಹೋಗಿದ್ದ ರಾಜಕುಮಾರ ಸೆನ್ಬಿಯನ್ನು ಗೋಡೆಯ ಚಿತ್ರ ಮಾಡಿಬಿಟ್ಟಿದ್ದ. ಸುದ್ದಿ ಕೇಳಿ ಅಕ್ಕ ಮೆರೆತ್‌ಗೆ ಎದೆ ಒಡೆದಂತಾಯಿತು. ಆದರೆ ಅಳುತ್ತ ಕೂರುವ ಹೆಣ್ಣಲ್ಲ ಅವಳು, ಬಾಯಿಯೂ ಜೋರು. "ತಮ್ಮನನ್ನು ಕರಕೊಂಡೇ ಬರ್ತೀನಪ್ಪ" ಎಂದು ರಾಜನಿಗೆ ಹೇಳಿ ಹೊರಟಳು.

ಬಾಗಿಲಿಗೆ ಬಂದರೆ ಗೋಪುರಗಳೆರಡೂ ಧಡಧಡನೆ ಸರಿದು ಅವಳನ್ನು ಅಪ್ಪಚ್ಚಿ ಮಾಡಲು ಬಂದವು. "ನೀವು ಬೆಟ್ಟಗಳಲ್ವಾ? ಬೆಟ್ಟ ಎಲ್ಲಾದರೂ ನಡೆಯುತ್ತಾ?" ಎಂದಳು ಮೆರೆತ್. ಗೋಪುರಗಳಿಗೆ ನಾಚಿಕೆಯಾಯಿತು. ಹಿಂದೆ ಸರಿದು ನಿಂತವು.

ಒಳಗೆ ಕಂಬಗಳ ಮಂಟಪ. ಕಂಬಗಳೆಲ್ಲ ಜೊಂಡು, ತಾವರೆಗಳ ಆಕಾರ. ಲೋಕ ಹುಟ್ಟುವ ಮೊದಲಿದ್ದ ನೀರಿನ ನೆನಪಿಗೆಂದು ಕಟ್ಟಿದ್ದು. ಅವಳು ಕಾಲಿಟ್ಟದ್ದೇ ನೆಲ ನಿಜವಾಗಿಯೂ ನೀರಾಯಿತು, ಮೊಸಳೆಯೊಂದು ಬಾಯಿ ತೆರೆದು ಬಂತು. "ಲೋಕವೇ ಹುಟ್ಟಿಲ್ಲ, ನೀನು ಯಾವಾಗ ಹುಟ್ಟಿದೆ ಮಾರಾಯ?" ಎಂದಳು. ಮೊಸಳೆ ಯೋಚಿಸಿತು. ಯೋಚಿಸುತ್ತ ಯೋಚಿಸುತ್ತ ಇಲ್ಲವಾಯಿತು.

ಮುಂದೆ ನೆಲ ಏರುತ್ತ, ಚಾವಣಿ ತಗ್ಗುತ್ತ ಗರ್ಭಗುಡಿ ಬಂತು. ಲೋಕ ಹುಟ್ಟುವಾಗ ಆ ನೀರಿನಿಂದ ಮೊದಲು ಮೇಲೆದ್ದ ಮಣ್ಣದಿಬ್ಬ ಅದೇ. ಪೆಟ್ಟಿಗೆಯ ಸಂದಿನಿಂದ ಬೆಳಕು ಸೋರುತ್ತಿತ್ತು.

"ನನ್ನ ಹತ್ತಿರ ನಿನ್ನ ಮಾತು ನಡೆಯಲ್ಲ" ಎಂದು ಪೆಟ್ಟಿಗೆಯ ಪಕ್ಕ ನಿಂತಿದ್ದ ಹೆಮೂರ ಕೈಯೆತ್ತಿದ. ಮೆರೆತ್‌ಳ ಎಡಗೈ ಚಿತ್ರದ ಕೈಯಂತೆ ಚಪ್ಪಟೆಯಾಯಿತು. ಭುಜವೂ ಚಪ್ಪಟೆಯಾಗತೊಡಗಿತು.

ಅವಳು ನೆಲ ನೋಡಿದಳು. ಪೂಜೆ ಮುಗಿಸಿದವರು ತಮ್ಮ ಹೆಜ್ಜೆ ತಾವೇ ಗುಡಿಸುತ್ತ ಹಿಂದಕ್ಕೆ ನಡೆದು ಹೊರಬರುವುದು ಅಲ್ಲಿಯ ಪದ್ಧತಿ. ದಿಬ್ಬ ಮೊದಲ ದಿನದಂತೆ, ಯಾರೂ ತುಳಿಯದಂತಿರಬೇಕು. ಒಳಗಿರುವಾಗಲೇ ಒಬ್ಬರ ಹೆಜ್ಜೆಯನ್ನು ಬೇರೆಯವರು ಅಳಿಸಿದರೆ ಆ ಮನುಷ್ಯನೇ ಅಳಿದಂತೆ. ಧೂಳಿನಲ್ಲಿ ಸೆನ್ಬಿಯ ಬರಿಗಾಲಿನ ಗುರುತು, ಅದರ ಪಕ್ಕದಲ್ಲೇ ಚಪ್ಪಲಿಯ ಗುರುತು. ಆ ಅವಿವೇಕಿ ಹೆಮೂರ ಚಪ್ಪಲಿ ಮೆಟ್ಟಿಯೇ ನುಗ್ಗಿದ್ದ!

ಹೆಜ್ಜೆ ಗುಡಿಸಲೆಂದು ಬಾಗಿಲ ಬಳಿ ಇಟ್ಟಿದ್ದ ಪೊರಕೆಯನ್ನು ಮೆರೆತ್ ಬಲಗೈಯಲ್ಲಿ ಎತ್ತಿಕೊಂಡಳು. ಸೆನ್ಬಿಯ ಒಂದು ಬೆರಳಿನ ಗುರುತು ಅಳಿದರೂ ತಮ್ಮ ಇಲ್ಲ. ಉಸಿರು ಬಿಗಿಹಿಡಿದು ಚಪ್ಪಲಿಯ ಗುರುತನ್ನಷ್ಟೇ ಗುಡಿಸಿದಳು. ಹೆಮೂರನ ಪಾದ ಮಾಯ, ಮೊಣಕಾಲು ಮಾಯ, ಸೊಂಟ ಮಾಯ.

"ನಿಲ್ಲಿಸು, ಅರ್ಧ ರಾಜ್ಯ ಕೊಡ್ತೀನಿ."

"ರಾಜ್ಯ ನಮ್ಮಪ್ಪಂದು, ನೀನೇನು ಕೊಡೋದು?" ಎಂದು ಕೊನೆಯ ಗುರುತನ್ನೂ ಗುಡಿಸಿದಳು.

ಮಾಂತ್ರಿಕ ಹೋದ, ಮಾಟವೂ ಹೋಯಿತು. ಅವಳ ಕೈ ಮೊದಲಿನಂತಾಯಿತು. ಸೂರ್ಯ ಪೆಟ್ಟಿಗೆಯಿಂದ ಹಾರಿ, ಮಂಟಪ ದಾಟಿ, ಜೋಡಿ ಬೆಟ್ಟಗಳ ನಡುವೆ ಎದ್ದ. ಊರಿಗೆ ಊರೇ ಕುಣಿಯಿತು.

ಸೆನ್ಬಿ ಗೋಡೆಯಿಂದ ಇಳಿದ. ಆದರೆ ಆ ನಾಡಿನ ಗೋಡೆಚಿತ್ರಗಳೆಲ್ಲ ಪಕ್ಕಕ್ಕೆ ತಿರುಗಿಯೇ ಇರುತ್ತಿದ್ದವು. ಅವನೂ ಹಾಗೇ ನಿಂತ.

"ನೆಟ್ಟಗೆ ತಿರುಗೋ" ಎಂದಳು ಮೆರೆತ್. "ಇನ್ನೊಂದು ಕಣ್ಣೂ ನೋಡಬೇಕು ನಾನು."

ಅವನು ತಿರುಗಿದ. ಎರಡು ಕಣ್ಣೂ ತುಂಬಿದ್ದವು. ಅಕ್ಕ, ತಮ್ಮ ಇಬ್ಬರೂ ತಂತಮ್ಮ ಹೆಜ್ಜೆ ಗುಡಿಸುತ್ತ ಬಿಸಿಲಿಗೆ ಬಂದರು, ಬಹುಕಾಲ ಸುಖವಾಗಿ ಬಾಳಿದರು.